ಹಟ್ಟಿಯ ಹಸಿರು ಕಲ್ಲು ಹುಟ್ಟಿದ್ದು ಎಲ್ಲಿ?

ಪ್ರಶ್ನೆ: ನಮ್ಮೂರು ಹಟ್ಟಿ ಚಿನ್ನದ ಗಣಿಯ ಹತ್ತಿರ. ಇಲ್ಲಿನ ಹಸಿರುಗಪ್ಪು ಕಲ್ಲು ಒಂದು ಕಾಲದ ಲಾವಾ ಅಂತ ಮಗಳ ಮೇಷ್ಟ್ರು ಹೇಳಿದರಂತೆ. ಅದು ನಡುಸಮುದ್ರದಲ್ಲಿ ಉಕ್ಕಿತೋ, ಜಪಾನಿನಂಥ ದ್ವೀಪದಲ್ಲೋ ಅನ್ನೋದನ್ನೂ ಕಲ್ಲು ಪುಡಿ ಮಾಡಿ ಹೇಳಬಹುದಂತೆ. ನಿಜವಾ ಸರ್?
– ಓದುಗರೊಬ್ಬರು, ಲಿಂಗಸುಗೂರು ತಾಲ್ಲೂಕು

ಉತ್ತರ: ನಿಜ. ಆದರೆ ಪುಡಿ ಮಾಡೋ ಮೊದಲು ಬಂಡೆಯನ್ನು ಕಣ್ಣಾರೆ ನೋಡಬೇಕು. ಹಟ್ಟಿ–ಮಸ್ಕಿ ಪಟ್ಟಿಯ (ಈ ಹಸಿರುಗಪ್ಪು ಕಲ್ಲು ಹಬ್ಬಿರುವ ಪ್ರದೇಶ) ಕೆಲವು ಕಡೆ ಬಂಡೆ ಮೇಲೆ ದಿಂಬು ಪೇರಿಸಿದ ಹಾಗೆ ಕಾಣುತ್ತದೆ. ಅಂಚು ನುಣ್ಣಗೆ, ಒಳಗೆ ಕಣ ಸ್ವಲ್ಪ ದಪ್ಪ. ನೀರೊಳಗೆ ಉಕ್ಕಿದ ಲಾವಾದ ಮೈ ಥಟ್ಟನೆ ಆರಿದಾಗ ಹೀಗಾಗುತ್ತದೆ. ನೀರಿತ್ತು ಅನ್ನೋದು ಅಷ್ಟಕ್ಕೇ ಖಚಿತ. ಎಂಥ ಜಾಗದ ನೀರು ಅನ್ನೋದಕ್ಕೆ ಮಾತ್ರ ರಸಾಯನಶಾಸ್ತ್ರ ಬೇಕು.

ಈ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ನೆಲದಾಳದಲ್ಲಿ ಬೆಂದಿದೆ, ಬಿರುಕುಗಳಲ್ಲಿ ಬಿಸಿನೀರು ಹರಿದಿದೆ. ಸೋಡಿಯಂ, ಪೊಟ್ಯಾಸಿಯಂ, ಬೇರಿಯಂ ಆ ನೀರಿನ ಜೊತೆ ಬಂದು ಹೋಗುವಂಥವು. ಅವುಗಳ ಲೆಕ್ಕ ನಾನು ನಂಬೋದಿಲ್ಲ. ಟೈಟಾನಿಯಂ, ಜಿರ್ಕೋನಿಯಂ, ಇಟ್ರಿಯಂ, ನಯೋಬಿಯಂ ಅಷ್ಟು ಸುಲಭಕ್ಕೆ ಜಾಗ ಬಿಡೋದಿಲ್ಲ. 1973ರಲ್ಲಿ ಪಿಯರ್ಸ್ ಮತ್ತು ಕ್ಯಾನ್ ಎಂಬ ವಿಜ್ಞಾನಿಗಳು ಇಂಥ ಧಾತುಗಳನ್ನೇ ಹಿಡಿದು ಬಸಾಲ್ಟುಗಳನ್ನು (ಲಾವಾ ಆರಿ ಆದ ಕಪ್ಪು ಕಲ್ಲು) ಹುಟ್ಟಿದ ಜಾಗದ ಪ್ರಕಾರ ಬೇರ್ಪಡಿಸಿ ತೋರಿಸಿದರು.

ನಾನು ಮೊದಲು ನೋಡೋದು ನಯೋಬಿಯಂ. ಒಂದು ಟನ್ ಕಲ್ಲಿನಲ್ಲಿ ಕೆಲವೇ ಗ್ರಾಂ ಇರುತ್ತದೆ, ಆದರೆ ಹೇಳೋದು ಜಾಸ್ತಿ. ಸಾಗರದ ತಳದ ಫಲಕ (ಭೂಮಿಯ ಹೊರಪದರದ ದೊಡ್ಡ ತುಂಡು) ಇನ್ನೊಂದರ ಅಡಿಗೆ ಇಳಿದಾಗ ಅದರೊಳಗಿನ ನೀರು ಮೇಲಕ್ಕೇರಿ ಅಲ್ಲಿನ ಕಲ್ಲನ್ನು ಕರಗಿಸುತ್ತದೆ. ಲ್ಯಾಂಥನಂ, ಥೋರಿಯಂ ಕೆಳಗಿನಿಂದ ಮೇಲೆ ಬರುತ್ತವೆ; ನಯೋಬಿಯಂ ಮಾತ್ರ ಹೆಚ್ಚಾಗಿ ಕೆಳಗೇ ಉಳಿಯುತ್ತದೆ. ಹಾಗಾಗಿ ನಡುಸಮುದ್ರದ ಬಸಾಲ್ಟಿನಲ್ಲಿ ನಯೋಬಿಯಂ, ಲ್ಯಾಂಥನಂ ಹೆಚ್ಚುಕಡಿಮೆ ಸಮ. ಫಲಕ ಹೀಗೆ ಇಳಿಯುವ ಕಡೆ ಹುಟ್ಟುವ ಜಪಾನಿನಂಥ ದ್ವೀಪಸಾಲಿನ ಲಾವಾದಲ್ಲಿ ನಯೋಬಿಯಂ ಸಾಮಾನ್ಯವಾಗಿ ಲ್ಯಾಂಥನಂನ ಅರ್ಧಕ್ಕಿಂತ ಕಡಿಮೆ.

ಇಲ್ಲೇ ಅವಸರ ಬೇಡ ಅನ್ನೋದು. ಮೇಲೇರುವ ಲಾವಾ ದಾರಿಯಲ್ಲಿ ಹಳೆಯ ಗ್ರಾನೈಟಿನಂಥ ಕಲ್ಲನ್ನು ಕರಗಿಸಿಕೊಂಡರೂ ಇದೇ ಗುರುತು ಬರುತ್ತದೆ. ಅಷ್ಟು ಹಿಂದೆ ಫಲಕಗಳು ಈಗಿನ ಹಾಗೇ ಚಲಿಸುತ್ತಿದ್ದವಾ ಅನ್ನೋದೂ ಇನ್ನೂ ಚರ್ಚೆಯಲ್ಲಿದೆ. ಧಾತುಗಳ ಪ್ರಮಾಣ ತೋರಿಸುವ ಒಂದೇ ಒಂದು ನಕ್ಷೆಯಲ್ಲಿ ಚುಕ್ಕಿ ಇಟ್ಟು ‘ಇದು ದ್ವೀಪ’ ಅಂತ ಬರೆದುಬಿಡೋದು ನನಗೆ ಒಪ್ಪಿಗೆಯಿಲ್ಲ. ಅಕ್ಕಪಕ್ಕದ ಕಲ್ಲುಗಳೂ ಅದೇ ಮಾತು ಹೇಳಬೇಕು, ಅಲ್ವಾ?

ಪುಡಿ ಮಾಡೋದರಲ್ಲೂ ಎಚ್ಚರ ಬೇಕು. ಬಿಳಿ ಎಳೆ ಇರುವ ತುಂಡು, ಗಾಳಿ-ಮಳೆಗೆ ಕೆಂಪಾದ ಸಿಪ್ಪೆ ಬಿಟ್ಟು ಒಳಗಿನ ಗಟ್ಟಿ ಭಾಗ ತೆಗೆದುಕೊಳ್ಳಬೇಕು. ಟಂಗ್‌ಸ್ಟನ್ ಕಾರ್ಬೈಡ್ ಯಂತ್ರದಲ್ಲಿ ಅರೆದರೆ ಟ್ಯಾಂಟಲಂ, ಸ್ವಲ್ಪ ನಯೋಬಿಯಂ ಕೂಡ ಪುಡಿಗೆ ಸೇರುತ್ತದೆ. ಅದಕ್ಕೇ ಅಗೇಟ್ ಎಂಬ ಗಟ್ಟಿ ಕಲ್ಲಿನ ಒರಳಲ್ಲಿ ಅರೆಯೋದು.

ಮಗಳಿಗೆ ದಿಂಬು ಲಾವಾವನ್ನು ಚೆನ್ನಾಗಿ ನೋಡಬೇಕು ಅನ್ನಿಸಿದರೆ ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಗೆ ಕರೆದುಕೊಂಡು ಹೋಗಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಸುತ್ತಿಗೆ ಮನೆಯಲ್ಲೇ ಬಿಟ್ಟು ಹೋಗಿ.