ಮರಳಲ್ಲಿ ನಡೆದರೆ ಮಾತ್ರ ಮೀನಖಂಡ ನೋವು ಯಾಕೆ?

ರಸ್ತೆಯಲ್ಲಿ ಎಷ್ಟು ನಡೆದರೂ ಏನಾಗಲ್ಲ, ಕಾರವಾರದ ಟಾಗೋರ್ ಬೀಚಿನ ಒಣ ಮರಳಲ್ಲಿ ಮಾತ್ರ ಅರ್ಧ ಗಂಟೆಗೇ ಮೀನಖಂಡ ಹಿಡಿದುಕೊಳ್ಳುತ್ತದೆ ಅಂತ ಕೇಳಿದ್ದೀರಿ. ಗಾಬರಿ ಬೇಡ, ಅದು ಹೆಚ್ಚಾಗಿ ಮರಳಿನದೇ ಕೆಲಸ.

ಗಟ್ಟಿ ನೆಲದಲ್ಲಿ ಮೊದಲು ಹಿಮ್ಮಡಿ ಊರುತ್ತದೆ. ಮೊಣಕಾಲು ಸುಮಾರು 15 ಡಿಗ್ರಿ ಬಗ್ಗಿ ಪೆಟ್ಟು ತಡೆದುಕೊಳ್ಳುತ್ತದೆ. ಅದು ಕುಸಿಯದ ಹಾಗೆ ನೋಡಿಕೊಳ್ಳುವುದು ತೊಡೆಯ ಮುಂದಿನ ಸ್ನಾಯು. ಆಮೇಲೆ ಮೈ ಮುಂದಕ್ಕೆ ವಾಲುತ್ತದೆ. ಆಗ ಮೀನಖಂಡ ಬಿಗಿಯಾಗಿ, ಹಿಮ್ಮಡಿಯ ಮೇಲಿರುವ ಅಕಿಲಿಸ್ ಟೆಂಡನ್ (ಮೀನಖಂಡವನ್ನು ಹಿಮ್ಮಡಿಗೆ ಜೋಡಿಸುವ ಗಟ್ಟಿ ನಾರು) ರಬ್ಬರಿನ ಹಾಗೆ ಹಿಗ್ಗುತ್ತದೆ. ಹಿಮ್ಮಡಿ ಏಳುವಾಗ ಅದು ಮತ್ತೆ ಕುಗ್ಗಿ ಕಾಲನ್ನು ಮುಂದೆ ದೂಡುತ್ತದೆ. ಒಂದಿಷ್ಟು ಶಕ್ತಿ ಪುಕ್ಕಟೆ ವಾಪಸ್ ಸಿಕ್ಕಿತು, ಅಲ್ವಾ?

ಒಣ ಮರಳಲ್ಲಿ ಈ ಲಾಭ ಇಲ್ಲ. ಬೆರಳು ಒತ್ತಿದಷ್ಟೂ ಮರಳು ಹಿಂದಕ್ಕೆ ಜಾರುತ್ತದೆ, ದೂಡಿದ ಬಲ ಸುಮ್ನೆ ಪೋಲು. ಅದನ್ನು ಸ್ನಾಯುವೇ ತುಂಬಿಕೊಡಬೇಕು. ಅಳತೆ ಮಾಡಿ ನೋಡಿದವರು ಗಟ್ಟಿ ನೆಲಕ್ಕಿಂತ 2 ಪಟ್ಟಿಗೂ ಜಾಸ್ತಿ ಶಕ್ತಿ ಬೇಕು ಅಂತಾರೆ. ಹೂತ ಪಾದ ಎತ್ತಲು ಮೊಣಕಾಲು, ಸೊಂಟದ ಕೀಲು ಎರಡೂ ಹೆಚ್ಚು ಬಗ್ಗಬೇಕು. ನಿಮ್ಮದೇ ಹೆಜ್ಜೆಗುರುತು ನೋಡಿ: ಬೆರಳ ಕಡೆ ಆಳದ ಗುಂಡಿ, ಅದರ ಹಿಂದೆ ಮರಳಿನ ಗುಪ್ಪೆ.

ಅಲೆ ಸರಿದ ಒದ್ದೆ ಮರಳಲ್ಲಿ ನಡೆಯಿರಿ, ಅಲ್ಲಿ ನೆಲ ಗಟ್ಟಿ. ಇಳಿಜಾರಿರುವುದರಿಂದ ನೀರಿನ ಕಡೆಯ ಕಾಲು ಸ್ವಲ್ಪ ಕೆಳಗೆ ಬೀಳುತ್ತದೆ. ಹೋದ ದಾರಿಯಲ್ಲೇ ವಾಪಸ್ ಬಂದರೆ ಲೆಕ್ಕ ಸಮ. ಒಂದೇ ಕಾಲು ಊದಿಕೊಂಡು ಬಿಸಿಯಾದರೆ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸಿ.