ಒತ್ತಡ ಬೇರೆ, ಬಿಗಿತ ಬೇರೆ

ಬ್ಯಾಕ್ಟೀರಿಯಾದ ಪೊರೆಯ ಚಾನೆಲ್‌ಗಳ (ಪೊರೆ ಹಿಗ್ಗಿದಾಗ ತೆರೆದುಕೊಳ್ಳುವ ಪ್ರೋಟೀನ್ ರಂಧ್ರಗಳ) ಬಗ್ಗೆ ನೀವು ಕಳಿಸಿದ ಲೇಖನ ಈಗಿರುವ ಹಾಗೆ ಹಾಕುವಂತಿಲ್ಲ. ತಿದ್ದಿ ಕೊಟ್ಟರೆ ಖಂಡಿತ ಹಾಕೋಣ.

ಶಿರಿಯ ಹೊಳೆಯ ಅಳಿವೆಯಲ್ಲಿ ಉಪ್ಪುನೀರಿಗೆ ಒಗ್ಗಿದ್ದ ಬ್ಯಾಕ್ಟೀರಿಯಾಕ್ಕೆ ಜೂನ್ ಮಳೆಯ ಸಿಹಿನೀರು ಬಂದು ಬಡಿಯುವ ಆರಂಭ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಎಡವಿದ್ದು ಮುಂದಿನ ಪ್ಯಾರಾದಲ್ಲಿ. 'ಒಳಗಿನ ಒತ್ತಡ ಚಾನೆಲ್ಲನ್ನು ತಳ್ಳಿ ತೆರೆಯುತ್ತದೆ' ಎಂದಿದ್ದೀರಿ. ತಳ್ಳುವುದಲ್ಲ, ಎಳೆಯುವುದು. ನೀರು ನುಗ್ಗಿ ಪೊರೆ ಹಿಗ್ಗಿದಾಗ ಅದರ ಉದ್ದಗಲಕ್ಕೆ ಹುಟ್ಟುವ ಬಿಗಿತ ಚಾನೆಲ್ಲನ್ನು ಸುತ್ತಲಿಂದ ಎಳೆದು ಅಗಲಿಸುತ್ತದೆ. ಟೆನ್ಷನ್ನಿಗೂ ಪ್ರೆಷರಿಗೂ 'ಒತ್ತಡ' ಎಂದೇ ಬರೆದದ್ದರಿಂದ ಆದ ಎಡವಟ್ಟು ಇದು.

ಅಡಿಕೆಗೆ ಮದ್ದು ಬಿಡುವ ಪೈಪನ್ನೇ ನೋಡಿ. ಪಂಪಿನ ಒತ್ತಡ ಒಂದೇ, ರಬ್ಬರಿನ ದಪ್ಪವೂ ಒಂದೇ ಇದ್ದರೂ ಅಗಲದ ಪೈಪು ಮೊದಲು ಒಡೆಯುತ್ತದೆ. ಗೋಳದ ಪೊರೆಯಲ್ಲಿ ಬಿಗಿತದ ಲೆಕ್ಕ: ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ಎರಡರಿಂದ ಭಾಗಿಸಿ. ಪ್ರಯೋಗದಲ್ಲಿ ಪೊರೆಯ ತುಣುಕನ್ನು ಹೀರಿ ಹಿಡಿಯುವ ಸಣ್ಣ ಗಾಜಿನ ನಳಿಗೆಯೊಳಗೆ, ಅಂದರೆ ಪಿಪೆಟ್ಟಿನೊಳಗೆ, ಪೊರೆ 1 ಮೈಕ್ರೋಮೀಟರ್ ತ್ರಿಜ್ಯಕ್ಕೆ ಬಾಗಿದೆ, 100 ಮಿ.ಮೀ. ಪಾದರಸದಷ್ಟು, ಅಂದರೆ ಸುಮಾರು 13,300 ಪಾಸ್ಕಲ್, ಹೀರುತ್ತಿದ್ದೀರಿ ಎನ್ನಿ. ಬಿಗಿತ ಮೀಟರಿಗೆ 6.7 ಮಿಲಿನ್ಯೂಟನ್ ಆಯಿತು. ಎಂಎಸ್‌ಸಿಎಸ್ ಎಂಬ ಸಣ್ಣ ಚಾನೆಲ್ 5-6ಕ್ಕೇ ತೆರೆಯುತ್ತದೆ. ಎಂಎಸ್‌ಸಿಎಲ್ ಎಂಬ ದೊಡ್ಡ ಚಾನೆಲ್‌ಗೆ 10-12 ಬೇಕು, ಅಷ್ಟರಲ್ಲಿ ಪೊರೆ ಹರಿಯುವ ಹಂತ ಹತ್ತಿರವಾಗಿರುತ್ತದೆ. ಪಿಪೆಟ್ಟಿನ ಬಾಯಿ ಬದಲಾದರೆ ನೀವು ಕೊಟ್ಟ 'ತೆರೆಯುವ ಒತ್ತಡ'ವೂ ಬದಲಾಗುತ್ತದೆ. ತ್ರಿಜ್ಯ ಹೇಳದ ಆ ಸಂಖ್ಯೆಗೆ ಬೆಲೆಯಿಲ್ಲ.

ಅಯಾನುಗಳ ಭಾಗದಲ್ಲಿ, ಈ ಚಾನೆಲ್‌ಗಳನ್ನು ತಡೆಯಲು ಬಳಸುವ ಗೆಡೊಲಿನಿಯಂ ಲೋಹದ ಅಯಾನು ರಂಧ್ರಕ್ಕೆ ಬಿರಡೆ ಹಾಕುತ್ತದೆ ಎಂದಿದ್ದೀರಿ. ಅದು ಮುಖ್ಯವಾಗಿ ಅಂಟುವುದು ಪೊರೆಯನ್ನು ಕಟ್ಟಿರುವ ಕೊಬ್ಬಿನ ಅಣುಗಳಲ್ಲಿ, ಅಂದರೆ ಲಿಪಿಡ್‌ಗಳಲ್ಲಿ, ಋಣ ವಿದ್ಯುದಂಶ ಇರುವವಕ್ಕೆ; ಪೊರೆಯೇ ಒತ್ತೊತ್ತಾಗಿ ಗಡುಸಾಗುವುದರಿಂದ ಚಾನೆಲ್ ತೆರೆಯುವುದಿಲ್ಲ. ದ್ರಾವಣದಲ್ಲಿ ಫಾಸ್ಫೇಟೋ, ಲೋಹದ ಅಯಾನುಗಳನ್ನು ಹಿಡಿದಿಡುವ ಇಡಿಟಿಎಯೋ ಇದ್ದರೆ ಗೆಡೊಲಿನಿಯಂ ಅದಕ್ಕೇ ಕಚ್ಚಿಕೊಂಡು ಪ್ರಯೋಗ ಸುಮ್ಮನೆ ಕೆಡುತ್ತದೆ. ಓದುಗರಿಗೆ ಇದನ್ನು ತಪ್ಪದೆ ಹೇಳಿ. ತೆರೆಯಲು ಹೊರಗಿನ ಪೊಟ್ಯಾಸಿಯಂ ಬೇಕಾದದ್ದು ಎಂಎಸ್‌ಸಿಕೆ ಎಂಬ ಇನ್ನೊಂದು ಚಾನೆಲ್‌ಗೆ. ನೀವು ಎಲ್ಲಕ್ಕೂ ಅನ್ವಯಿಸಿದ್ದೀರಿ.

ಇನ್ನು ಸಣ್ಣಪುಟ್ಟವು. 1987ರಲ್ಲಿ ಕಂಡದ್ದು ಇ. ಕೋಲೈ ಬ್ಯಾಕ್ಟೀರಿಯಾವನ್ನು ಉಬ್ಬಿಸಿ ಮಾಡಿದ ದೊಡ್ಡ ಗೋಳದಲ್ಲಿ (ದೈತ್ಯ ಸ್ಫೆರೋಪ್ಲಾಸ್ಟಿನಲ್ಲಿ) ಚಾನೆಲ್‌ಗಳ ವಿದ್ಯುತ್ ಮಿಡಿತ. ಎಂಎಸ್‌ಸಿಎಲ್‌ನ ಜೀನ್ ಸಿಕ್ಕಿದ್ದು 1994ರಲ್ಲಿ. ಒಂದು ಜೀನ್ ತೆಗೆದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಒಂದು ಇನ್ನೊಂದರ ಕೆಲಸ ನಿಭಾಯಿಸುತ್ತದೆ. ಎಂಎಸ್‌ಸಿಎಲ್, ಎಂಎಸ್‌ಸಿಎಸ್ ಎರಡನ್ನೂ ತೆಗೆದು ಉಪ್ಪು ದ್ರಾವಣದಿಂದ ಒಮ್ಮೆಲೇ ಸಿಹಿನೀರಿಗೆ ಹಾಕಿದರೆ ಹೆಚ್ಚಿನವು ಒಡೆಯುತ್ತವೆ.

'ಪ್ರಕೃತಿಯ ವಿಸ್ಮಯ' ಎಂಬ ಕೊನೆಯ ಪ್ಯಾರಾ ಕಿತ್ತುಹಾಕಿ. ಚಿತ್ರವನ್ನೂ ಮತ್ತೆ ಬಿಡಿಸಬೇಕು: ಎಂಎಸ್‌ಸಿಎಲ್‌ಗೆ ಆರಲ್ಲ, ಐದು ಉಪಘಟಕ, ಎಂಎಸ್‌ಸಿಎಸ್‌ಗೆ ಏಳು.