ಶ್ವೇತ ಕುಬ್ಜಗಳ ಕುರಿತ ನಿಮ್ಮ ಲೇಖನ: ಸಂಪಾದಕರ ಉತ್ತರ

ಮಾನ್ಯರೇ,

ಸಂಗಾತಿ ನಕ್ಷತ್ರದಿಂದ ಅನಿಲವನ್ನು ಸೆಳೆದುಕೊಳ್ಳುವ ಶ್ವೇತ ಕುಬ್ಜಗಳ (ಉರಿದು ಮುಗಿದ ನಕ್ಷತ್ರಗಳ ಸಾಂದ್ರ ಅವಶೇಷಗಳ) ಕ್ಷ-ಕಿರಣವು ಕ್ಷಿಪ್ರವಾಗಿ ಏರಿಳಿಯುವುದನ್ನು ಕುರಿತ ನಿಮ್ಮ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಭಾಷೆ ಸ್ವಚ್ಛವಾಗಿದೆ, ತೊಡಕಿರುವುದು ವಿಷಯದ ನಿರ್ವಹಣೆಯಲ್ಲಿ.

ಬೆಳಕು ಸೆಕೆಂಡುಗಳಲ್ಲಿ ಬದಲಾಗುತ್ತದೆ ಎಂದು ಪದೇ ಪದೇ ಬೆರಗುಪಡುವ ನೀವು, ಸೆಕೆಂಡುಗಳೇ ಏಕೆ ಎಂಬುದನ್ನು ಎಲ್ಲಿಯೂ ಹೇಳಿಲ್ಲ. ಸೂರ್ಯನಷ್ಟು ದ್ರವ್ಯರಾಶಿ ಭೂಮಿಯಷ್ಟು ಗಾತ್ರದಲ್ಲಿ ಅಡಕವಾದಾಗ, ಅದರ ಮೇಲ್ಮೈಗೆ ತಾಗಿದಂತೆ ಸುತ್ತುವ ಅನಿಲಕ್ಕೆ ಒಂದು ಸುತ್ತು ಮುಗಿಸಲು ಸುಮಾರು 9 ಸೆಕೆಂಡು ಸಾಕು ಎಂದು ಮೊದಲೇ ತಿಳಿಸಿದ್ದರೆ, ಆಗಾಗ ದಿಢೀರನೆ ಪ್ರಖರಗೊಳ್ಳುವ ಶ್ವೇತ ಕುಬ್ಜ ಜೋಡಿಯಾದ ಎಸ್‌ಎಸ್ ಸಿಗ್ನಿಯ ಸ್ಫೋಟದಲ್ಲಿ ಕಂಡು 1980ರಲ್ಲಿ ವರದಿಯಾದ ಹೆಚ್ಚುಕಡಿಮೆ ಅಷ್ಟೇ ಅವಧಿಯ ಆಂದೋಲನ ಓದುಗರಿಗೆ ಬರಿಯ ಅಂಕಿಯಾಗಿ ಉಳಿಯುತ್ತಿರಲಿಲ್ಲ.

ಎಲ್ಲ ಏರಿಳಿತಗಳನ್ನೂ ‘ಮಿಡಿತ’ ಎಂದು ಕರೆದಿರುವುದು ಇನ್ನೂ ದೊಡ್ಡ ದೋಷ. ಇಂಥದೇ ಇನ್ನೊಂದು ಜೋಡಿಯಾದ ಎಇ ಅಕ್ವೇರಿಯ 33 ಸೆಕೆಂಡುಗಳ ಲಯ ಅಲ್ಲಿನ ಶ್ವೇತ ಕುಬ್ಜದ ಸ್ವಂತ ಭ್ರಮಣದ್ದು, ಆದ್ದರಿಂದಲೇ ವರ್ಷಗಟ್ಟಲೆ ಕರಾರುವಾಕ್ಕಾಗಿ ಉಳಿಯುತ್ತದೆ. ಎಸ್‌ಎಸ್ ಸಿಗ್ನಿಯ ಆಂದೋಲನದ ಅವಧಿಯಾದರೋ ಸ್ಫೋಟದ ಪ್ರಖರತೆಯೊಂದಿಗೆ ಜಾರುತ್ತದೆ. ಅನಿಯತ ಮಿನುಗಿಗೆ ಅವಧಿಯೇ ಇಲ್ಲ. (ತನ್ನತ್ತ ಬರುವ ಅನಿಲದ ಬಹುಪಾಲನ್ನು ಹೊರಕ್ಕೆ ಎಸೆಯುವ ಎಇ ಅಕ್ವೇರಿಯನ್ನೇ ಮಾದರಿಯಾಗಿ ಆರಿಸಿಕೊಂಡಿರುವುದೂ ಸರಿಯಲ್ಲ.)

ನಿಮ್ಮ ಲೇಖನದ ಜೀವಾಳ ಕೊನೆಯಲ್ಲಿ ಹುದುಗಿದೆ. ಪ್ರಬಲ ಕಾಂತಕ್ಷೇತ್ರವಿರುವ ಎಎಂ ಹರ್ಕ್ಯುಲಿಸ್ ಬಗೆಯ ಜೋಡಿಗಳಲ್ಲಿ ಶ್ವೇತ ಕುಬ್ಜವನ್ನು ಸುತ್ತುವ ಅನಿಲದ ತಟ್ಟೆ ರೂಪುಗೊಳ್ಳುವುದಿಲ್ಲ; ಅನಿಲವು ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಕಾಂತಧ್ರುವಗಳ ಮೇಲೆ ಬಿದ್ದು, ಮೇಲ್ಮೈಗಿಂತ ತುಸು ಮೇಲೆ ಹಠಾತ್ತನೆ ತಡೆಯಲ್ಪಟ್ಟು ಆಘಾತಕ್ಕೊಳಗಾಗಿ, ಕೋಟಿಗಟ್ಟಲೆ ಡಿಗ್ರಿಗೆ ಕಾದು ಕ್ಷ-ಕಿರಣ ಸೂಸುತ್ತದೆ. ಹಾಗೆ ಕಾದ ಅನಿಲ ತಣಿಯುವ ರೀತಿಯೇ ಅಸ್ಥಿರವಾದ್ದರಿಂದ ಆಘಾತದ ಎತ್ತರ ತೂಗಾಡಬೇಕೆಂದು ಸಿದ್ಧಾಂತ ಹೇಳುತ್ತದೆ. ಇಂಥ ಕೆಲವು ಜೋಡಿಗಳ ಗೋಚರ ಬೆಳಕಿನಲ್ಲಿ 1ರಿಂದ 3 ಸೆಕೆಂಡುಗಳ ಆಂದೋಲನ ಕಂಡಿದೆ. ಆದರೆ ಆಘಾತದ ನೇರ ಸಂತಾನವಾದ ಕ್ಷ-ಕಿರಣದಲ್ಲಿ ಎಕ್ಸ್‌ಎಂಎಂ-ನ್ಯೂಟನ್ ದೂರದರ್ಶಕದ ದತ್ತಾಂಶವನ್ನು ಜಾಲಾಡಿದರೂ ಅದು ಸಿಕ್ಕಿಲ್ಲ. ಈ ಇಕ್ಕಟ್ಟನ್ನು ನೀವು ‘ಕ್ಷ-ಕಿರಣದಲ್ಲೂ ಹೀಗೆಯೇ ಇರಬೇಕು’ ಎಂದು ಒಂದೇ ಮಾತಿನಲ್ಲಿ ದಾಟಿಬಿಟ್ಟಿದ್ದೀರಿ. ಆ ವಾಕ್ಯವನ್ನು ತೆಗೆದು, ಇಡೀ ಲೇಖನವನ್ನು ಆ ಇಕ್ಕಟ್ಟಿನ ಸುತ್ತ ಕಟ್ಟಿ.

ನೋವಾಗಳ (ಶ್ವೇತ ಕುಬ್ಜದ ಮೇಲ್ಮೈಯಲ್ಲಾಗುವ ಸ್ಫೋಟಗಳ) ದೀರ್ಘ ಪೀಠಿಕೆ ಬೇಡ. ಅಲ್ಲಿ ಸ್ಫೋಟಿಸುವುದು ಪರಮಾಣು ಸಮ್ಮಿಳನದ ಶಕ್ತಿ, ಇಲ್ಲಿ ಬೆಳಗುವುದು ಗುರುತ್ವದ ಶಕ್ತಿ. ಪರಿಷ್ಕೃತ ಪ್ರತಿಯಲ್ಲಿ ಪ್ರತಿಯೊಂದು ಅವಧಿಯ ಜೊತೆಗೂ ಅದನ್ನು ಕ್ಷ-ಕಿರಣದಲ್ಲಿ ಅಳೆದದ್ದೋ ಗೋಚರ ಬೆಳಕಿನಲ್ಲಿ ಅಳೆದದ್ದೋ ಎಂಬುದನ್ನು ತಪ್ಪದೆ ನಮೂದಿಸಿ ಕಳಿಸಿ.

ಇತಿ,
ಸಂಪಾದಕ